ಸ್ವಂತ ಲಿನಕ್ಸ್ ಸರ್ವರ್‌ನಲ್ಲಿ ನೆಕ್ಸ್ಟ್‌ಕ್ಲೌಡ್: ಫೈಲ್ ಹಂಚಿಕೆಗೆ ಸಮಗ್ರ ಮಾರ್ಗದರ್ಶಿ

ಬ್ರೌಸರ್‌ಗೆ ಎಳೆದು ಬಿಟ್ಟ ಒಂದು ಫೈಲ್ ಡಿಸ್ಕ್ ಸೇರುವಷ್ಟರಲ್ಲಿ ಹಲವು ಹಂತ ದಾಟಿರುತ್ತದೆ. ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ರೂಟರ್, ಫೈರ್‌ವಾಲ್, ವೆಬ್ ಸರ್ವರ್ ಆದ ಅಪಾಚೆ, ಪ್ರೋಗ್ರಾಂ ಓಡಿಸುವ ಪಿಎಚ್‌ಪಿ, ನೆಕ್ಸ್ಟ್‌ಕ್ಲೌಡ್, ಅದರ ಬೆನ್ನಿಗಿರುವ ಡೇಟಾಬೇಸ್ ಮತ್ತು ಮೆಮೊರಿಯಲ್ಲೇ ಮಾಹಿತಿ ಇಡುವ ರೆಡಿಸ್, ಕೊನೆಗೆ ಡಿಸ್ಕ್. ಒಂದೊಂದಕ್ಕೂ ಅದರದ್ದೇ ಮಿತಿ, ಅದರದ್ದೇ ಲಾಗ್. ತೊಂದರೆ ಒಂದು ಹಂತದಲ್ಲಿದ್ದು ನಾವು ಇನ್ನೊಂದರಲ್ಲಿ ಹುಡುಕುತ್ತಾ ಕೂತಾಗಲೇ ದಿನಗಟ್ಟಲೆ ಸಮಯ ಹೋಗುವುದು. ಅದಕ್ಕೇ ಇಲ್ಲಿ ಎಲ್ಲವನ್ನೂ ಒಮ್ಮೆಲೇ ಹಾಕಿ ನೋಡುವ ದಾರಿ ಬಿಟ್ಟು, ಒಂದು ಹಂತ ಕಟ್ಟಿ, ಪರೀಕ್ಷಿಸಿ, ಮುಂದಿನದಕ್ಕೆ ಹೋಗುವ ದಾರಿ ಹಿಡಿದಿದ್ದೇವೆ.

ನೆಕ್ಸ್ಟ್‌ಕ್ಲೌಡ್ ಎಂಬುದು ಸ್ವಂತ ಸರ್ವರ್‌ನಲ್ಲಿ ಫೈಲ್ ಇಟ್ಟು ಹಂಚಿಕೊಳ್ಳಲು ಬಳಸುವ, 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದ ಮುಕ್ತ ತಂತ್ರಾಂಶ. ಹಲವರು ಬಳಸುವ, ಲಿಂಕ್ ಕೊಟ್ಟು ಹೊರಗಿನವರೊಂದಿಗೂ ಫೈಲ್ ಹಂಚಿಕೊಳ್ಳುವ ಅಗತ್ಯವಿದ್ದರೆ ಇದು ಸರಿಯಾದ ಆಯ್ಕೆ. ಒಬ್ಬರೇ ಇದ್ದು, ಎರಡು ಕಂಪ್ಯೂಟರ್ ನಡುವೆ ಫೋಲ್ಡರ್ ಹೊಂದಿಸಿಕೊಂಡರೆ ಸಾಕು ಎನ್ನುವವರಿಗೆ ಸಿಂಕ್‌ಥಿಂಗ್ ಸಾಕು. ಅಷ್ಟಕ್ಕಾಗಿ ಡೇಟಾಬೇಸ್ ಸಾಕುವ ಕಷ್ಟ ಬೇಡ. ಡಾಕರ್‌ನಲ್ಲಿ ಎಲ್ಲವೂ ಒಂದೇ ಕಟ್ಟಿನಲ್ಲಿ ಸಿಗುವ ಅಧಿಕೃತ ಇಮೇಜ್ ಕೂಡ ಇದೆ. ಆದರೂ ಒಮ್ಮೆ ಕೈಯಾರೆ ಕಟ್ಟಿದವರಿಗೆ ಮಾತ್ರ ಕೆಟ್ಟಾಗ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ. ಇಲ್ಲಿನ ವಿವರಗಳೆಲ್ಲ ಉಬುಂಟು 24.04ಕ್ಕೆ ಹೊಂದುತ್ತವೆ. ಅದರ ಭಂಡಾರದಲ್ಲಿ ಪಿಎಚ್‌ಪಿ 8.3, ಡೇಟಾಬೇಸ್ ತಂತ್ರಾಂಶ ಮರಿಯಾಡಿಬಿ 10.11, ಅಪಾಚೆ 2.4.58 ಇವೆ.

ಕಮಾಂಡ್ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಉಚ್ಚಾರದಂತೆ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ಲೆಕ್ಕ

ಐದರಿಂದ ಹತ್ತು ಜನರ ಬಳಕೆಗೆ 2 ಕೋರ್, 4 ಜಿಬಿ ರ್‍ಯಾಮ್ ಇರುವ 64 ಬಿಟ್ ಯಂತ್ರ ಧಾರಾಳ. 2 ಜಿಬಿಯಲ್ಲೂ ಓಡುತ್ತದೆ, ಆದರೆ ಯಾರೋ ಒಬ್ಬರು ಐನೂರು ಫೋಟೋ ಇರುವ ಫೋಲ್ಡರ್ ತೆರೆದು ಚಿಕ್ಕಚಿತ್ರಗಳ ತಯಾರಿ ಶುರುವಾದ ಕೂಡಲೇ ಏದುಸಿರು ಬಿಡುತ್ತದೆ. ಡಿಸ್ಕ್ ವಿಷಯದಲ್ಲಿ ಕೈ ಬಿಗಿ ಬೇಡ. ಅಳಿಸಿದ ಫೈಲ್‌ಗಳು ಕಸದಬುಟ್ಟಿಯಲ್ಲಿ ಕನಿಷ್ಠ 30 ದಿನ ಉಳಿಯುವುದು ಮೂಲ ಸೆಟ್ಟಿಂಗ್, ತಿದ್ದಿದ ಫೈಲ್‌ಗಳ ಹಳೆಯ ಆವೃತ್ತಿಗಳೂ ಉಳಿಯುತ್ತವೆ. ಹಾಗಾಗಿ ಈಗಿರುವ ಡೇಟಾದ ಎರಡರಷ್ಟು ಜಾಗ ಇಡಿ.

ಮನೆ ಅಥವಾ ಕಚೇರಿಯ ಇಂಟರ್‌ನೆಟ್ ಮೇಲೆ ಸರ್ವರ್ ನಿಲ್ಲಿಸುವುದಾದರೆ ಅಪ್‌ಲೋಡ್ ವೇಗ ನೋಡಿ. ನಿಮ್ಮ ಅಪ್‌ಲೋಡ್ ವೇಗವೇ ಹೊರಗಿನವರ ಡೌನ್‌ಲೋಡ್ ವೇಗ. 20 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2.5 ಎಂಬಿ, 1 ಜಿಬಿ ಫೈಲ್ ಇಳಿಯಲು ಹೆಚ್ಚುಕಡಿಮೆ ಏಳು ನಿಮಿಷ.

ಇನ್ನೊಂದು ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿ. ರೂಟರ್‌ನ ಪುಟದಲ್ಲಿ ಹೊರಗಿನ ಐಪಿ ವಿಳಾಸ ಏನಿದೆ ನೋಡಿ, ಬಳಿಕ ಐಪಿ ತೋರಿಸುವ ಯಾವುದಾದರೂ ಜಾಲತಾಣದಲ್ಲಿ ಅದೇ ಬರುತ್ತದೆಯೇ ಹೋಲಿಸಿ. ಎರಡೂ ಬೇರೆಯಾಗಿದ್ದು, ರೂಟರ್‌ನಲ್ಲಿರುವುದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಸಾರ್ವಜನಿಕ ವಿಳಾಸವನ್ನು ಸೇವಾ ಸಂಸ್ಥೆ ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನ ಕೋರಿಕೆ ನಿಮ್ಮವರೆಗೆ ಬರುವುದೇ ಇಲ್ಲ. ಸ್ಥಿರ ಐಪಿ ಕೇಳಿ ಪಡೆಯಿರಿ, ಇಲ್ಲವೇ ಸಣ್ಣ ಬಾಡಿಗೆ ಸರ್ವರ್ ಒಂದನ್ನು ಮುಂಬಾಗಿಲಾಗಿ ಇಟ್ಟು ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗದ ಮೂಲಕ ಒಳಗೆ ತನ್ನಿ.

ಸರ್ವರ್‌ಗೆ ಬೀಗ

ರೂಟ್ ಅಲ್ಲದ ಒಂದು ಬಳಕೆದಾರ ಖಾತೆ ಮಾಡಿ, ಅದಕ್ಕೆ ಸುಡೊ (ಆಡಳಿತಗಾರನಾಗಿ ಕಮಾಂಡ್ ಓಡಿಸುವ) ಹಕ್ಕು ಕೊಡಿ, ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಕೀ ಹಾಕಿ, ಆಮೇಲೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಇಲ್ಲೊಂದು ಸೂಕ್ಷ್ಮವಿದೆ. ಮುಖ್ಯ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ‘ಪಾಸ್‌ವರ್ಡ್ ಅಥೆಂಟಿಕೇಶನ್ ನೋ’ ಎಂದು ಬರೆದರೂ ಅದು ಜಾರಿಗೆ ಬರದೇ ಇರಬಹುದು. ಆ ಫೈಲ್ ತನ್ನ ಮೊದಲಲ್ಲೇ ಪಕ್ಕದ ‘ಡಾಟ್ ಡಿ’ ಫೋಲ್ಡರ್‌ನ ಫೈಲ್‌ಗಳನ್ನು ಓದಿಕೊಳ್ಳುತ್ತದೆ; ಬಾಡಿಗೆ ಸರ್ವರ್‌ಗಳಲ್ಲಿ ಅಲ್ಲಿ ಮೊದಲ ಬೂಟ್‌ನಲ್ಲಿ ಸರ್ವರ್ ಸಿದ್ಧಪಡಿಸುವ ಕ್ಲೌಡ್ ಇನಿಟ್ ಬರೆದಿಟ್ಟ ‘ಯೆಸ್’ ಕೂತಿರುತ್ತದೆ; ಎಸ್‌ಎಸ್‌ಎಚ್ ಮೊದಲು ಕಂಡ ಬೆಲೆಯನ್ನೇ ಹಿಡಿಯುತ್ತದೆ. ‘ಸುಡೊ ಎಸ್‌ಎಸ್‌ಎಚ್‌ಡಿ’ಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟು ಓಡಿಸಿದರೆ ನಿಜವಾಗಿ ಜಾರಿಯಲ್ಲಿರುವುದು ಏನೆಂದು ಕಾಣುತ್ತದೆ.

ಫೈರ್‌ವಾಲ್‌ಗೆ ಯುಎಫ್‌ಡಬ್ಲ್ಯು ಸಾಕು. ಮೊದಲು ಓಪನ್‌ಎಸ್‌ಎಸ್‌ಎಚ್‌ಗೆ ಅನುಮತಿ, ನಂತರ 80 ಮತ್ತು 443, ಕೊನೆಯಲ್ಲಿ ‘ಎನೇಬಲ್’. ಈ ಕ್ರಮ ತಪ್ಪಿದರೆ ದೂರದ ಸರ್ವರ್‌ನಿಂದ ನೀವೇ ಹೊರಗುಳಿಯುತ್ತೀರಿ. ಮರಿಯಾಡಿಬಿಯ 3306, ರೆಡಿಸ್‌ನ 6379 ಎಂದೂ ಹೊರಗೆ ತೆರೆಯಬಾರದು. ಗಡಿಯಾರ ಸರಿಯಿದೆಯೇ ಎಂದು ‘ಟೈಮ್‌ಡೇಟ್‌ಸಿಟಿಎಲ್’ನಲ್ಲಿ ನೋಡಿಕೊಳ್ಳಿ, ಸಮಯ ತಪ್ಪಿದರೆ ಮುಂದೆ ಎರಡು ಹಂತದ ಲಾಗಿನ್‌ನ ಆರಂಕಿ ಕೋಡ್‌ಗಳು ಒಪ್ಪಿಗೆಯಾಗುವುದಿಲ್ಲ.

ಡೇಟಾ ಡಿಸ್ಕ್

ಸಿಸ್ಟಮ್ ಇರುವ ಡಿಸ್ಕ್‌ನಲ್ಲೇ ಬಳಕೆದಾರರ ಫೈಲ್‌ಗಳನ್ನೂ ತುಂಬಿದರೆ, ಜಾಗ ಮುಗಿದ ದಿನ ಡೇಟಾಬೇಸ್ ಕೂಡ ಬರೆಯಲಾಗದೆ ನಿಲ್ಲುತ್ತದೆ. ಆದ್ದರಿಂದ ಡೇಟಾಗೆ ಪ್ರತ್ಯೇಕ ಡಿಸ್ಕ್ ಅಥವಾ ಪ್ರತ್ಯೇಕ ವಿಭಾಗ ಕೊಡಿ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಹಾಕಿ, ‘ಬಿಎಲ್‌ಕೆಐಡಿ’ಯಿಂದ ಯುಯುಐಡಿ (ಡಿಸ್ಕ್ ವಿಭಾಗದ ವಿಶಿಷ್ಟ ಗುರುತು) ತೆಗೆದು, ಬೂಟ್‌ನಲ್ಲಿ ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಯುಯುಐಡಿಯನ್ನೇ ಬರೆಯಿರಿ. ‘ಎಸ್‌ಡಿಬಿ’ಯಂಥ ಹೆಸರು ಮುಂದಿನ ಬೂಟ್‌ನಲ್ಲಿ ಬೇರೆ ಡಿಸ್ಕ್‌ಗೆ ಹೋಗಬಹುದು. ‘ನೋಫೇಲ್’ ಆಯ್ಕೆ ಸೇರಿಸಿದರೆ ಡಿಸ್ಕ್ ಕೈಕೊಟ್ಟ ದಿನವೂ ಸರ್ವರ್ ಬೂಟ್ ಆಗಿ ನಿಮಗೆ ಒಳಗೆ ಬರಲು ಬಿಡುತ್ತದೆ. ಬರೆದ ಮೇಲೆ ‘ಸುಡೊ ಮೌಂಟ್’ ಜೊತೆ ‘ಎ’ ಆಯ್ಕೆ ಕೊಟ್ಟು ಪರೀಕ್ಷಿಸಿ. ತಪ್ಪಿದ್ದರೆ ರೀಬೂಟ್‌ಗೆ ಮುನ್ನ ಈಗಲೇ ತಿಳಿಯಲಿ.

ಡೇಟಾ ಫೋಲ್ಡರ್ ಮೌಂಟ್ ಜಾಗವೇ ಆಗಿರಬಾರದು, ಅದರೊಳಗಿನ ಒಂದು ಫೋಲ್ಡರ್ ಆಗಿರಬೇಕು. ಡಿಸ್ಕ್ ಅನ್ನು /ಎಸ್‌ಆರ್‌ವಿ/ಡಿಸ್ಕ್ ಎಂಬಲ್ಲಿ ಮೌಂಟ್ ಮಾಡಿದ್ದರೆ ಡೇಟಾ /ಎಸ್‌ಆರ್‌ವಿ/ಡಿಸ್ಕ್/ಡೇಟಾ ಒಳಗಿರಲಿ. ಹೀಗಿದ್ದರೆ ಡಿಸ್ಕ್ ಮೌಂಟ್ ಆಗದ ದಿನ ಆ ಒಳಫೋಲ್ಡರ್ ಇರುವುದೇ ಇಲ್ಲ, ನೆಕ್ಸ್ಟ್‌ಕ್ಲೌಡ್ ಕೂಡಲೇ ದೋಷ ತೋರಿಸಿ ನಿಲ್ಲುತ್ತದೆ. ಒಳಫೋಲ್ಡರ್‌ನ ಒಡೆತನವನ್ನು, ಅಪಾಚೆ ಮತ್ತು ಪಿಎಚ್‌ಪಿ ಓಡುವ ಖಾತೆಯಾದ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಬಳಕೆದಾರನಿಗೆ ಕೊಡಿ, ಅನುಮತಿ 750 ಇಡಿ. ಬೇರೆಯವರು ಓದಬಲ್ಲ ಫೋಲ್ಡರ್ ಆಗಿದ್ದರೆ ಅಳವಡಿಕೆಯೇ ನಿರಾಕರಿಸುತ್ತದೆ.

ಫೈಲ್ ಹೆಸರಿನ ಬಗ್ಗೆ ಕನ್ನಡಿಗರಿಗೆ ಬೇಕಾದ ಒಂದು ಮಾತು. ಇಎಕ್ಸ್‌ಟಿ4ನಲ್ಲಿ ಹೆಸರಿನ ಗರಿಷ್ಠ ಉದ್ದ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕಿ’ ಎಂದರೆ ಕಕಾರಕ್ಕೆ ಮೂರು, ಗುಡಿಸಿಗೆ ಮೂರು, ಒಟ್ಟು ಆರು. ‘ಸ್ತ್ರೀ’ಯಂಥ ಒತ್ತಕ್ಷರ ಆರು ಸಂಕೇತಗಳಿಂದ ಆಗಿದ್ದು, ಒಂದೇ 18 ಬೈಟ್ ನುಂಗುತ್ತದೆ. ಅಂದರೆ ಗರಿಷ್ಠ 85 ಸಂಕೇತ, ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ ಸುಮಾರು ನಲವತ್ತು. ಸಭೆಯ ನಡಾವಳಿಯ ಪೂರ್ತಿ ಶೀರ್ಷಿಕೆಯನ್ನೇ ಫೈಲ್ ಹೆಸರಾಗಿ ಇಟ್ಟರೆ ಅಪ್‌ಲೋಡ್ ವಿಫಲವಾಗುವುದು ಇದೇ ಕಾರಣಕ್ಕೆ. ಬಳಕೆದಾರರಿಗೆ ಮೊದಲೇ ಹೇಳಿಡಿ.

ಡೊಮೇನ್

ನಿಮ್ಮ ಡೊಮೇನಿನಲ್ಲಿ ಒಂದು ಉಪಡೊಮೇನ್ ಮಾಡಿ, ಅದರ ‘ಎ’ ದಾಖಲೆ ಸರ್ವರ್‌ನ ಐಪಿಗೆ ತೋರಿಸಲಿ. ಐಪಿವಿ6 ನಿಜವಾಗಿ ಕೆಲಸ ಮಾಡುತ್ತಿದ್ದರೆ ಮಾತ್ರ ನಾಲ್ಕು ‘ಎ’ಗಳ ದಾಖಲೆ ಇಡಿ. ಹಳೆಯ, ಎಲ್ಲಿಗೂ ತಲುಪದ ಐಪಿವಿ6 ದಾಖಲೆ ಉಳಿದಿದ್ದರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ಹಂತದಲ್ಲಿ ತೊಂದರೆ ಬರಬಹುದು, ಏಕೆಂದರೆ ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಐಪಿವಿ6 ಮೂಲಕವೇ ಬರುತ್ತದೆ. ‘ಡಿಗ್’ ಕಮಾಂಡ್‌ನಿಂದ ಎರಡನ್ನೂ ಪರೀಕ್ಷಿಸಿ. ಹೊರಗಿನಿಂದ ತೆರೆಯುವ ವಿಳಾಸ ಒಳಗಿನ ವೈಫೈಯಲ್ಲಿ ತೆರೆಯದಿದ್ದರೆ ರೂಟರ್‌ಗೆ ಹೇರ್‌ಪಿನ್ ನ್ಯಾಟ್ (ಹೊರಗಿನ ವಿಳಾಸಕ್ಕೆ ಒಳಗಿನಿಂದ ಬಂದ ಕೋರಿಕೆಯನ್ನು ಒಳಕ್ಕೇ ತಿರುಗಿಸುವುದು) ಬರುವುದಿಲ್ಲ ಎಂದು ತಿಳಿಯಿರಿ. ಒಳಜಾಲದ ಡಿಎನ್‌ಎಸ್‌ನಲ್ಲಿ ಅದೇ ಹೆಸರಿಗೆ ಸರ್ವರ್‌ನ ಒಳಗಿನ ಐಪಿ ಕೊಟ್ಟರೆ ಮುಗಿಯಿತು.

ಪ್ಯಾಕೇಜ್‌ಗಳು ಮತ್ತು ಡೇಟಾಬೇಸ್

ಆಪ್ಟ್ ಮೂಲಕ ಅಪಾಚೆ2, ಮರಿಯಾಡಿಬಿ-ಸರ್ವರ್, ರೆಡಿಸ್-ಸರ್ವರ್, ಪಿಎಚ್‌ಪಿಯನ್ನು ಅಪಾಚೆಯಿಂದ ಪ್ರತ್ಯೇಕ ಪ್ರಕ್ರಿಯೆಗಳಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಹಾಕಿ. ಪಿಎಚ್‌ಪಿಯ ವಿಸ್ತರಣೆಗಳಲ್ಲಿ ಬೇಕಾದವು: ಜಿಡಿ, ಮೈಎಸ್‌ಕ್ಯೂಎಲ್, ಕರ್ಲ್, ಎಂಬಿಸ್ಟ್ರಿಂಗ್, ಐಎನ್‌ಟಿಎಲ್, ಜಿಎಂಪಿ, ಬಿಸಿಮ್ಯಾಥ್, ಎಕ್ಸ್‌ಎಂಎಲ್, ಜಿಪ್, ಇಮ್ಯಾಜಿಕ್, ಎಪಿಸಿಯು (ಮೆಮೊರಿಯಲ್ಲಿನ ತಾತ್ಕಾಲಿಕ ಸಂಗ್ರಹ), ರೆಡಿಸ್. ‘ಪಿಎಚ್‌ಪಿ’ ಎಂಬ ಬರಿಯ ಪ್ಯಾಕೇಜ್ ಹಾಕಬೇಡಿ. ಅದು ಅಪಾಚೆಯ ಒಳಗೇ ಕೂರುವ ಹಳೆಯ ಮಾಡ್ಯೂಲ್ ಎಳೆದು ತರುತ್ತದೆ, ಅದರ ಜೊತೆಗೆ ಅಪಾಚೆ ಪ್ರಿಫೋರ್ಕ್ ವಿಧಾನಕ್ಕೆ ಹೋಗುತ್ತದೆ, ಎಚ್‌ಟಿಟಿಪಿ/2 ಸಿಗುವುದಿಲ್ಲ.

ಮರಿಯಾಡಿಬಿಯಲ್ಲಿ ಒಂದು ಡೇಟಾಬೇಸ್ ಮಾಡಿ. ಅದರ ಅಕ್ಷರಸಂಕೇತ ‘ಯುಟಿಎಫ್8ಎಂಬಿ4’ ಆಗಿರಲಿ. ಹಳೆಯ ಮೂರು ಬೈಟಿನ ‘ಯುಟಿಎಫ್8’ನಲ್ಲಿ ಕನ್ನಡ ಕೂರುತ್ತದೆ, ಇಮೋಜಿ ಕೂರುವುದಿಲ್ಲ. ಆ ಡೇಟಾಬೇಸ್‌ಗೆ ಮಾತ್ರ ಹಕ್ಕಿರುವ, ಲೋಕಲ್‌ಹೋಸ್ಟ್‌ನಿಂದ ಮಾತ್ರ ಬರಬಲ್ಲ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ. ಸರ್ವರ್ ಕಾನ್ಫಿಗ್‌ನಲ್ಲಿ ‘ಟ್ರಾನ್ಸಾಕ್ಷನ್ ಐಸೊಲೇಶನ್’ ಅನ್ನು ‘ರೀಡ್-ಕಮಿಟೆಡ್’ಗೆ ಬದಲಿಸಿ, ನೆಕ್ಸ್ಟ್‌ಕ್ಲೌಡ್ ಕೇಳುವುದು ಇದನ್ನೇ. ಬೈನರಿ ಲಾಗ್ ಚಾಲೂ ಇದ್ದರೆ ಅದರ ಮಾದರಿ ‘ರೋ’ ಆಗಿರಬೇಕು. ‘ಇನ್ನೋಡಿಬಿ ಬಫರ್ ಪೂಲ್ ಸೈಜ್’ ಮೂಲದಲ್ಲಿ 128 ಎಂಬಿ. 4 ಜಿಬಿ ಯಂತ್ರದಲ್ಲಿ 512 ಎಂಬಿಗೆ ಏರಿಸಿ.

ನೆಕ್ಸ್ಟ್‌ಕ್ಲೌಡ್ ಮತ್ತು ಅಪಾಚೆ

ಅಧಿಕೃತ ತಾಣದಿಂದ ಸರ್ವರ್ ಕಟ್ಟನ್ನೂ ಅದರ ಎಸ್‌ಎಚ್‌ಎ256 ಫೈಲನ್ನೂ ಇಳಿಸಿ, ಎರಡನ್ನೂ ಹೋಲಿಸಿ, /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು ಒಳಗೆ ಬಿಡಿಸಿ. ಪೂರ್ತಿ ಫೋಲ್ಡರ್‌ನ ಒಡೆತನ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ಗೆ.

ಅಪಾಚೆಯಲ್ಲಿ ರೀರೈಟ್, ಹೆಡರ್ಸ್, ಎನ್ವ್, ಡಿರ್, ಮೈಮ್, ಪ್ರಾಕ್ಸಿ ಎಫ್‌ಸಿಜಿಐ, ಸೆಟ್‌ಎನ್ವಿಫ್, ಎಸ್‌ಎಸ್‌ಎಲ್, ಎಚ್‌ಟಿಟಿಪಿ2 ಮಾಡ್ಯೂಲ್‌ಗಳನ್ನು ‘ಎ2ಎನ್‌ಮಾಡ್’ನಿಂದ ಚಾಲೂ ಮಾಡಿ, ಪಿಎಚ್‌ಪಿ 8.3 ಎಫ್‌ಪಿಎಂ ಕಾನ್ಫಿಗ್ ಅನ್ನು ‘ಎ2ಎನ್‌ಕಾನ್ಫ್’ನಿಂದ. ಹೊಸ ಸೈಟ್ ಫೈಲಿನಲ್ಲಿ ಸರ್ವರ್ ಹೆಸರು, ಡಾಕ್ಯುಮೆಂಟ್ ರೂಟ್, ಆ ಡೈರೆಕ್ಟರಿಗೆ ‘ಅಲೌ ಓವರ್‌ರೈಡ್ ಆಲ್’ ಮತ್ತು ‘ರಿಕ್ವೈರ್ ಆಲ್ ಗ್ರಾಂಟೆಡ್’ ಇರಬೇಕು.

‘ಅಲೌ ಓವರ್‌ರೈಡ್’ ಸಾಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಬುಂಟುವಿನ ಮೂಲ ಸೆಟ್ಟಿಂಗ್ ‘ನನ್’. ಅದು ಹಾಗೇ ಉಳಿದರೆ ನೆಕ್ಸ್ಟ್‌ಕ್ಲೌಡ್ ಜೊತೆ ಬರುವ ಎಚ್‌ಟಿಆಕ್ಸೆಸ್ ಫೈಲ್‌ಗಳಿಗೆ ಅಪಾಚೆ ಕಣ್ಣೆತ್ತಿಯೂ ನೋಡುವುದಿಲ್ಲ. ಡೇಟಾ ಫೋಲ್ಡರ್ ವೆಬ್‌ರೂಟ್ ಒಳಗೇ ಇದ್ದ ಪಕ್ಷದಲ್ಲಿ ವಿಳಾಸ ಊಹಿಸಿದ ಯಾರು ಬೇಕಾದರೂ ಎಲ್ಲರ ಫೈಲ್ ಇಳಿಸಿಕೊಳ್ಳಬಹುದು. ಡೇಟಾವನ್ನು ಬೇರೆ ಡಿಸ್ಕ್‌ಗೆ ಕಳಿಸಿದ್ದಕ್ಕೆ ಇದೂ ಒಂದು ಕಾರಣ. ‘ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್’ ಸರಿ ಎಂದ ಮೇಲಷ್ಟೇ ರೀಲೋಡ್.

ನಂತರ ಪ್ರಮಾಣಪತ್ರ. ಪ್ರಮಾಣಪತ್ರ ತರುವ ಸಲಕರಣೆಯಾದ ಸರ್ಟ್‌ಬಾಟ್‌ಗೆ ಅಪಾಚೆ ಆಯ್ಕೆ ಕೊಟ್ಟರೆ ಅದೇ ಸೈಟ್ ಫೈಲ್ ತಿದ್ದಿ ಎಚ್‌ಟಿಟಿಪಿಎಸ್ ಹೊಂದಿಸುತ್ತದೆ. ಮೊದಲು ‘ಡ್ರೈ-ರನ್’ ಮಾಡಿ. ಒಂದೇ ಹೆಸರಿಗೆ ಗಂಟೆಗೆ ಐದು ಬಾರಿ ಪರಿಶೀಲನೆ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್ ತಡೆ ಹಾಕುತ್ತದೆ. ಪರಿಶೀಲನೆ 80ನೇ ಪೋರ್ಟ್‌ನಲ್ಲಿ ನಡೆಯುವುದರಿಂದ ಎಚ್‌ಟಿಟಿಪಿಎಸ್ ಬಂದ ಮೇಲೂ 80 ಮುಚ್ಚಬೇಡಿ; ಮುಚ್ಚಿದರೆ ಇಂದು ಏನೂ ಆಗುವುದಿಲ್ಲ, 90 ದಿನದ ಅವಧಿ ಮುಗಿದಾಗ ಎಲ್ಲರ ಬ್ರೌಸರ್‌ನಲ್ಲೂ ಎಚ್ಚರಿಕೆ ಪುಟ ಬರುತ್ತದೆ. ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ಇನ್ನು ಎಚ್‌ಟಿಟಿಪಿಎಸ್‌ನಲ್ಲೇ ಬರಬೇಕೆಂದು ಬ್ರೌಸರ್‌ಗೆ ಹೇಳುವ ಎಚ್‌ಎಸ್‌ಟಿಎಸ್ ಹೆಡರ್ ಅನ್ನು ಕನಿಷ್ಠ 15552000 ಸೆಕೆಂಡ್, ಅಂದರೆ 180 ದಿನಕ್ಕೆ ಸೇರಿಸಿ.

ಪಿಎಚ್‌ಪಿ

ಪಿಎಚ್‌ಪಿಗೆ ಎರಡು ಇನಿ ಫೈಲ್‌ಗಳಿವೆ: ಎಫ್‌ಪಿಎಂ ಫೋಲ್ಡರ್‌ನಲ್ಲಿ ಒಂದು, ಸಿಎಲ್‌ಐ ಫೋಲ್ಡರ್‌ನಲ್ಲಿ ಇನ್ನೊಂದು. ಬ್ರೌಸರ್ ಕೆಲಸಕ್ಕೆ ಮೊದಲನೆಯದು, ಟರ್ಮಿನಲ್ ಮತ್ತು ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ) ಕೆಲಸಕ್ಕೆ ಎರಡನೆಯದು. ತಿದ್ದಿದ್ದು ಜಾರಿಗೆ ಬರಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ತಪ್ಪು ಫೈಲ್ ತಿದ್ದಿರುತ್ತಾರೆ, ಇಲ್ಲವೇ ಎಫ್‌ಪಿಎಂ ರೀಸ್ಟಾರ್ಟ್ ಮಾಡಿರುವುದಿಲ್ಲ.

ಎಫ್‌ಪಿಎಂ ಫೈಲಿನಲ್ಲಿ ‘ಮೆಮೊರಿ ಲಿಮಿಟ್’ 512 ಎಂಬಿ, ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ 1 ಜಿಬಿ, ‘ಪೋಸ್ಟ್ ಮ್ಯಾಕ್ಸ್ ಸೈಜ್’ 1 ಜಿಬಿ, ‘ಔಟ್‌ಪುಟ್ ಬಫರಿಂಗ್’ 0, ‘ಓಪಿಕ್ಯಾಶ್ ಇಂಟರ್ನ್ಡ್ ಸ್ಟ್ರಿಂಗ್ಸ್ ಬಫರ್’ 16 ಇಡಿ. ಸಿಎಲ್‌ಐ ಫೈಲಿನಲ್ಲೂ ‘ಮೆಮೊರಿ ಲಿಮಿಟ್’ ನೋಡಿ, ‘ಎಪಿಸಿ ಎನೇಬಲ್ ಸಿಎಲ್‌ಐ’ 1 ಮಾಡಿ. ಈ ಕೊನೆಯದನ್ನು ಬಿಟ್ಟರೆ ವೆಬ್ ಪುಟ ಸರಿಯಾಗಿ ತೆರೆಯುತ್ತದೆ, ಆದರೆ ಟರ್ಮಿನಲ್ ಕಮಾಂಡ್ ಮತ್ತು ಕ್ರಾನ್ ಎಪಿಸಿಯು ಸಿಗಲಿಲ್ಲ ಎಂದು ದೂರುತ್ತವೆ.

ಎಫ್‌ಪಿಎಂ ಪೂಲ್ ಫೈಲಿನ ‘ಪಿಎಂ ಮ್ಯಾಕ್ಸ್ ಚಿಲ್ಡ್ರನ್’ ಮೂಲ ಬೆಲೆ ಕೇವಲ 5. ಒಬ್ಬರ ಬ್ರೌಸರ್, ಡೆಸ್ಕ್‌ಟಾಪ್ ಕ್ಲೈಂಟ್, ಫೋನ್ ಆ್ಯಪ್ ಮೂರೂ ಒಟ್ಟಿಗೆ ಕೆಲಸಕ್ಕೆ ಇಳಿದರೆ ಐದೂ ಮುಗಿದು ಉಳಿದವರು ಕಾಯುತ್ತಾರೆ. ಪ್ರೊಸೆಸರ್ ಖಾಲಿ ಇದ್ದೂ ಸೈಟ್ ನಿಂತಂತೆ ಕಂಡರೆ ಎಫ್‌ಪಿಎಂ ಲಾಗ್‌ನಲ್ಲಿ ಈ ಹೆಸರು ಹುಡುಕಿ. ಲೆಕ್ಕ ಹೀಗೆ: 4 ಜಿಬಿಯಲ್ಲಿ ಡೇಟಾಬೇಸ್ ಮತ್ತು ಸಿಸ್ಟಮ್‌ಗೆ ಸುಮಾರು 2 ಜಿಬಿ ಬಿಡಿ, ಉಳಿದ 2 ಜಿಬಿಯನ್ನು ಒಂದು ಪ್ರಕ್ರಿಯೆಗೆ 100 ಎಂಬಿಯಂತೆ ಭಾಗಿಸಿದರೆ 20.

ಅಳವಡಿಕೆ

ನೆಕ್ಸ್ಟ್‌ಕ್ಲೌಡ್‌ನ ‘ಓಸಿಸಿ’ ಎಂಬ ಸಲಕರಣೆಯಿಂದ ಅಳವಡಿಸಿ. ಅದನ್ನು ರೂಟ್ ಆಗಿ ಓಡಿಸಿದರೆ ಒಪ್ಪುವುದಿಲ್ಲ. ‘ಸುಡೊ’ಗೆ ‘ಯು’ ಆಯ್ಕೆಯೊಂದಿಗೆ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಹೆಸರು ಕೊಟ್ಟು ಓಡಿಸಬೇಕು. ‘ಮೇಂಟೆನೆನ್ಸ್:ಇನ್‌ಸ್ಟಾಲ್’ಗೆ ಡೇಟಾಬೇಸ್ ಬಗೆ, ಹೆಸರು, ಬಳಕೆದಾರ, ಆಡಳಿತಗಾರನ ಹೆಸರು, ಡೇಟಾ ಫೋಲ್ಡರ್ ದಾರಿ ಕೊಡಿ. ಪಾಸ್‌ವರ್ಡ್‌ಗಳನ್ನು ಸಾಲಿನಲ್ಲೇ ಬರೆಯಬೇಡಿ, ಅವು ಶೆಲ್ ಇತಿಹಾಸದಲ್ಲಿ ಉಳಿಯುತ್ತವೆ. ಬಿಟ್ಟರೆ ಅದೇ ಕೇಳುತ್ತದೆ.

ನಂತರ ಕಾನ್ಫಿಗ್ ಪಿಎಚ್‌ಪಿ ಫೈಲಿನಲ್ಲಿ ನಾಲ್ಕು ಕೆಲಸ. ‘ಟ್ರಸ್ಟೆಡ್ ಡೊಮೇನ್ಸ್’ ಪಟ್ಟಿಗೆ ನಿಮ್ಮ ಉಪಡೊಮೇನ್ ಸೇರಿಸಿ. ‘ಓವರ್‌ರೈಟ್ ಸಿಎಲ್‌ಐ ಯುಆರ್‌ಎಲ್’ಗೆ ಎಚ್‌ಟಿಟಿಪಿಎಸ್ ಸಹಿತ ಪೂರ್ತಿ ವಿಳಾಸ ಕೊಡಿ, ಇಲ್ಲದಿದ್ದರೆ ಮಿಂಚಂಚೆಯಲ್ಲಿ ಹೋಗುವ ಲಿಂಕ್‌ಗಳಲ್ಲಿ ಲೋಕಲ್‌ಹೋಸ್ಟ್ ಎಂದಿರುತ್ತದೆ. ‘ಮೆಮ್‌ಕ್ಯಾಶ್ ಲೋಕಲ್’ ಎಪಿಸಿಯುಗೆ, ‘ಮೆಮ್‌ಕ್ಯಾಶ್ ಲಾಕಿಂಗ್’ ರೆಡಿಸ್‌ಗೆ. ರೆಡಿಸ್ ಅನ್ನು ಯುನಿಕ್ಸ್ ಸಾಕೆಟ್ ಮೂಲಕ ಜೋಡಿಸುವುದಾದರೆ ಅದರ ಕಾನ್ಫಿಗ್‌ನಲ್ಲಿ ಸಾಕೆಟ್ ಸಾಲಿನ ಟಿಪ್ಪಣಿ ಗುರುತು ತೆಗೆದು, ಅನುಮತಿ 770 ಕೊಟ್ಟು, ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ವನ್ನು ರೆಡಿಸ್ ಗುಂಪಿಗೆ ಸೇರಿಸಿ, ಎಫ್‌ಪಿಎಂ ರೀಸ್ಟಾರ್ಟ್ ಮಾಡಿ. ಈಗಾಗಲೇ ಓಡುತ್ತಿರುವ ಪ್ರಕ್ರಿಯೆಗೆ ಹೊಸ ಗುಂಪಿನ ಸುದ್ದಿ ಗೊತ್ತಾಗುವುದಿಲ್ಲ. ರೀಸ್ಟಾರ್ಟ್ ಮರೆತರೆ ಪ್ರತಿ ಪುಟವೂ 500ರ ದೋಷ.

ಹಿನ್ನೆಲೆ ಕೆಲಸಕ್ಕೆ ಕ್ರಾನ್ ಬೇಕೇ ಬೇಕು. ‘ಕ್ರಾನ್‌ಟ್ಯಾಬ್’ಗೆ ಅದೇ ಬಳಕೆದಾರನ ಹೆಸರು ಕೊಟ್ಟು, ಐದು ನಿಮಿಷಕ್ಕೊಮ್ಮೆ ಕ್ರಾನ್ ಪಿಎಚ್‌ಪಿ ಓಡುವ ಸಾಲು ಬರೆಯಿರಿ, ಆಡಳಿತ ಪುಟದಲ್ಲಿ ‘ಕ್ರಾನ್’ ಆಯ್ಕೆಮಾಡಿ. ಇಲ್ಲದಿದ್ದರೆ ಕಸದಬುಟ್ಟಿ ಖಾಲಿಯಾಗದು, ಅರ್ಧಕ್ಕೆ ನಿಂತ ಅಪ್‌ಲೋಡ್‌ಗಳ ತುಂಡುಗಳು ಡಿಸ್ಕ್‌ನಲ್ಲೇ ಬಿದ್ದಿರುತ್ತವೆ. ಪಾಸ್‌ವರ್ಡ್ ಮರೆತವರಿಗೆ ಪತ್ರ ಹೋಗಲು ಎಸ್‌ಎಂಟಿಪಿ ಹೊಂದಿಸಿ. ಹಲವು ಜಾಲಗಳಲ್ಲಿ 25ನೇ ಪೋರ್ಟ್ ಮುಚ್ಚಿರುವುದರಿಂದ 587 ಬಳಸಿ.

ದೊಡ್ಡ ಫೈಲ್ ಪರೀಕ್ಷೆ

ಎರಡು ಸಾಲಿನ ಪಠ್ಯ ಫೈಲ್ ಏರಿತು ಎಂದು ಸಮಾಧಾನಪಡಬೇಡಿ. 3 ಜಿಬಿ ಫೈಲ್ ಒಂದನ್ನು ಮೊಬೈಲ್ ಡೇಟಾ ಮೂಲಕ, ಅಂದರೆ ನಿಜವಾಗಿ ಹೊರಗಿನಿಂದ, ಏರಿಸಿ ಇಳಿಸಿ. ಎರಡು ಕಡೆಯ ಎಸ್‌ಎಚ್‌ಎ256 ಮೊತ್ತ ಹೋಲಿಸಿ.

ಬ್ರೌಸರ್‌ನಲ್ಲಿ ಏರಿದ ಫೈಲ್ ಫೈಲ್ ಮ್ಯಾನೇಜರ್‌ನ ವೆಬ್‌ಡ್ಯಾವ್ (ಸರ್ವರ್‌ನ ಫೋಲ್ಡರ್ ಅನ್ನು ವೆಬ್ ಮೂಲಕ ತೆರೆಯುವ ವಿಧಾನ) ಮೂಲಕ ಏರದಿರುವುದು ಅನೇಕರನ್ನು ಕಾಡುವ ಒಗಟು. ಬ್ರೌಸರ್ ಮತ್ತು ಅಧಿಕೃತ ಕ್ಲೈಂಟ್‌ಗಳು ದೊಡ್ಡ ಫೈಲನ್ನು ತುಂಡುತುಂಡಾಗಿ ಕಳಿಸುತ್ತವೆ. ತುಂಡಿನ ಗಾತ್ರ ಮಿತಿಯೊಳಗಿದ್ದರೆ ಸಾಕು. ಸಾಮಾನ್ಯ ವೆಬ್‌ಡ್ಯಾವ್ ಕ್ಲೈಂಟ್ ಇಡೀ ಫೈಲನ್ನು ಒಂದೇ ಕೋರಿಕೆಯಲ್ಲಿ ತಳ್ಳುತ್ತದೆ. ಅಪಾಚೆಯ ‘ಲಿಮಿಟ್ ರಿಕ್ವೆಸ್ಟ್ ಬಾಡಿ’ 2.4.53ರವರೆಗೆ ಮಿತಿಯಿಲ್ಲದ್ದಾಗಿತ್ತು, 2.4.54ರಿಂದ ಮೂಲ ಬೆಲೆ 1 ಜಿಬಿ. ಅದನ್ನು ಸೈಟ್ ಫೈಲಿನಲ್ಲಿ 0 ಮಾಡಿದರೆ 413ರ ದೋಷ ಹೋಗುತ್ತದೆ.

ಪ್ರಗತಿ ಪಟ್ಟಿ ನೂರಕ್ಕೆ ಮುಟ್ಟಿ, ಅಲ್ಲೇ ನಿಂತು 504 ಬಂದರೆ ಕಥೆ ಬೇರೆ. ತುಂಡುಗಳೆಲ್ಲ ಬಂದಿವೆ, ಸರ್ವರ್ ಅವನ್ನು ಜೋಡಿಸುತ್ತಿದೆ, ನಿಧಾನದ ಡಿಸ್ಕ್‌ನಲ್ಲಿ ಅದು ಅಪಾಚೆಯ 300 ಸೆಕೆಂಡಿನ ಗಡುವು ಮೀರಿದೆ. ‘ಟೈಮ್‌ಔಟ್’ 1800ಕ್ಕೆ ಏರಿಸಿ. 423 ಬಂದರೆ ಫೈಲಿಗೆ ಬೀಗ ಬಿದ್ದಿದೆ. ರೆಡಿಸ್ ಇದ್ದರೆ ಹಳೆಯ ಬೀಗ ಮೂಲ ಸೆಟ್ಟಿಂಗ್‌ನಲ್ಲಿ ಒಂದು ಗಂಟೆಗೆ ತಾನಾಗಿ ಬಿಡುತ್ತದೆ.

ಮುಂದೆ ಇನ್ನೊಂದು ಪ್ರಾಕ್ಸಿ ಸರ್ವರ್ ಇಟ್ಟಿರುವವರು ‘ಟ್ರಸ್ಟೆಡ್ ಪ್ರಾಕ್ಸೀಸ್’ನಲ್ಲಿ ಅದರ ಐಪಿ ಬರೆಯಲೇಬೇಕು. ಬರೆಯದಿದ್ದರೆ ಎಲ್ಲ ಬಳಕೆದಾರರೂ ಒಂದೇ ಐಪಿಯಿಂದ ಬಂದಂತೆ ಕಾಣುತ್ತಾರೆ. ಯಾರೋ ಒಬ್ಬರು ಹಳೆಯ ಪಾಸ್‌ವರ್ಡ್ ಇರುವ ಫೋನ್‌ನಿಂದ ಪದೇಪದೇ ಬಡಿದರೆ ಲಾಗಿನ್ ತಡೆ ಎಲ್ಲರಿಗೂ ಬೀಳುತ್ತದೆ, 25 ಸೆಕೆಂಡಿನವರೆಗೂ ಕಾಯಿಸುತ್ತದೆ. ‘ಲಾಗಿನ್ ಮಾತ್ರ ನಿಧಾನ’ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಫೈಲ್‌ಗಳನ್ನು ಟರ್ಮಿನಲ್‌ನಿಂದ ನೇರವಾಗಿ ಡೇಟಾ ಫೋಲ್ಡರ್‌ಗೆ ನಕಲಿಸಿದರೆ ಅವು ಪುಟದಲ್ಲಿ ಕಾಣುವುದಿಲ್ಲ, ಏಕೆಂದರೆ ಪಟ್ಟಿ ಬರುವುದು ಡೇಟಾಬೇಸ್‌ನಿಂದ. ಒಡೆತನ ಸರಿಪಡಿಸಿ, ಓಸಿಸಿಯ ‘ಫೈಲ್ಸ್:ಸ್ಕ್ಯಾನ್’ ಓಡಿಸಿ.

ಹಂಚಿಕೆಯ ನಿಯಮಗಳು

ಆಡಳಿತ ಪುಟದ ಹಂಚಿಕೆ ವಿಭಾಗದಲ್ಲಿ ಸಾರ್ವಜನಿಕ ಲಿಂಕ್‌ಗೆ ಪಾಸ್‌ವರ್ಡ್ ಕಡ್ಡಾಯ ಮಾಡಿ, ಅವಧಿಯನ್ನೂ ಕಡ್ಡಾಯ ಮಾಡಿ. ಎರಡು ವರ್ಷದ ಹಿಂದೆ ಯಾರಿಗೋ ಕೊಟ್ಟ ಲಿಂಕ್ ಇಂದಿಗೂ ತೆರೆಯುತ್ತಿರುವುದು ಸ್ವಂತ ಸರ್ವರ್‌ಗಳಲ್ಲಿ ಕಾಣುವ ದೊಡ್ಡ ಸೋರಿಕೆ. ಹೊರಗಿನವರಿಂದ ಫೈಲ್ ಪಡೆಯಲು ‘ಅಪ್‌ಲೋಡ್ ಮಾತ್ರ’ ಬಗೆಯ ಲಿಂಕ್ ಕೊಡಿ. ಹಾಕಿದವರಿಗೆ ಬೇರೆಯವರು ಹಾಕಿದ್ದು ಕಾಣುವುದಿಲ್ಲ. ಪ್ರತಿಯೊಬ್ಬರಿಗೂ ಜಾಗದ ಮಿತಿ ಇಡಿ, ಆಡಳಿತಗಾರರಿಗೆ ಎರಡು ಹಂತದ ಲಾಗಿನ್ ಕಡ್ಡಾಯ.

ಸರ್ವರ್ ಬದಿಯ ಗೂಢಲಿಪೀಕರಣವನ್ನು ಕಂಡ ಕೂಡಲೇ ಒತ್ತಬೇಡಿ. ಫೈಲ್‌ಗಳು ಅದೇ ಸರ್ವರ್‌ನ ಡಿಸ್ಕ್‌ನಲ್ಲಿದ್ದರೆ ಕೀಗಳೂ ಅಲ್ಲೇ ಇರುತ್ತವೆ. ರಕ್ಷಣೆ ಅಷ್ಟಕ್ಕಷ್ಟೇ, ಕೀ ಕಳೆದರೆ ಫೈಲ್‌ಗಳು ಶಾಶ್ವತವಾಗಿ ಹೋದಂತೆ. ಡಿಸ್ಕ್ ಕಳುವಿನ ಭಯವಿದ್ದರೆ ಲಕ್ಸ್‌ನಿಂದ ಇಡೀ ಡಿಸ್ಕ್‌ಗೇ ಬೀಗ ಹಾಕುವುದು ಮೇಲು.

ಬ್ಯಾಕಪ್

ನಾಲ್ಕು ವಸ್ತುಗಳು ಒಟ್ಟಿಗೆ ಬೇಕು: ಡೇಟಾ ಫೋಲ್ಡರ್, ಡೇಟಾಬೇಸ್, ಕಾನ್ಫಿಗ್ ಫೋಲ್ಡರ್, ನೀವು ಸೇರಿಸಿದ ಥೀಮ್ ಅಥವಾ ಆ್ಯಪ್‌ಗಳು. ಡೇಟಾ ಮಾತ್ರ ಇದ್ದರೆ ಫೈಲ್‌ಗಳು ಸಿಗುತ್ತವೆ, ಹಂಚಿಕೆಗಳೂ ಬಳಕೆದಾರರೂ ಇಲ್ಲ. ಕಾನ್ಫಿಗ್ ಫೈಲಿನಲ್ಲಿರುವ ‘ಸೀಕ್ರೆಟ್’ ಕಳೆದರೆ ಉಳಿಸಿಟ್ಟ ಗುಪ್ತಪದಗಳನ್ನು ಬಿಡಿಸಲಾಗದು. ಎರಡು ಡಿಸ್ಕ್‌ಗಳ ರೇಡ್ ಇದಕ್ಕೆ ಬದಲಿಯಲ್ಲ. ಅಳಿಸಿದ ಫೈಲನ್ನು ಅದು ಎರಡೂ ಕಡೆ ಒಟ್ಟಿಗೇ ಅಳಿಸುತ್ತದೆ.

ಕ್ರಮ ಹೀಗಿರಲಿ. ಮೊದಲು ಸರ್ವರ್ ನಿಲ್ಲಿಸದೆ ಆರ್‌ಸಿಂಕ್‌ನಿಂದ ಡೇಟಾ ನಕಲಿಸಿ, ಇದಕ್ಕೆ ಗಂಟೆಗಟ್ಟಲೆ ಹಿಡಿಯಲಿ. ನಂತರ ಓಸಿಸಿಯಿಂದ ‘ಮೇಂಟೆನೆನ್ಸ್:ಮೋಡ್’ ಚಾಲೂ ಮಾಡಿ. ಡೇಟಾಬೇಸ್ ಡಂಪ್ ತೆಗೆಯಿರಿ, ‘ಸಿಂಗಲ್-ಟ್ರಾನ್ಸಾಕ್ಷನ್’ ಆಯ್ಕೆಯೂ ಯುಟಿಎಫ್8ಎಂಬಿ4 ಅಕ್ಷರಸಂಕೇತವೂ ಇರಲಿ. ಕೂಡಲೇ ಆರ್‌ಸಿಂಕ್ ಮತ್ತೊಮ್ಮೆ ಓಡಿಸಿ. ಎರಡನೇ ಸಲ ಬದಲಾದದ್ದಷ್ಟೇ ಹೋಗುವುದರಿಂದ ಬಳಕೆದಾರರಿಗೆ ಕೆಲವೇ ನಿಮಿಷ ತಡೆ. ಆಮೇಲೆ ಮೋಡ್ ತೆಗೆಯಿರಿ, ನಕಲನ್ನು ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ಸಲಕರಣೆಯಿಂದ ಬೇರೆ ಜಾಗಕ್ಕೆ ಕಳಿಸಿ. ಸರ್ವರ್‌ಗೆ ನುಗ್ಗಿದವರು ಬ್ಯಾಕಪ್ ಅಳಿಸಲಾಗದಂತೆ, ಬ್ಯಾಕಪ್ ಯಂತ್ರವೇ ಬಂದು ಎಳೆದುಕೊಳ್ಳುವ ವ್ಯವಸ್ಥೆ ಉತ್ತಮ.

ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಪೂರ್ತಿ ಮರುಸ್ಥಾಪಿಸಿ, ಲಾಗಿನ್ ಆಗಿ, ಒಂದು ಫೈಲ್ ತೆರೆದು ನೋಡಿ. ನಿಜವಾದ ಅವಘಡದಲ್ಲಿ ಹಳೆಯ ಬ್ಯಾಕಪ್ ಮರಳಿಸಿದಾಗ ಒಂದು ಕೆಲಸ ಮರೆಯಬೇಡಿ: ಬಳಕೆದಾರರನ್ನು ಒಳಬಿಡುವ ಮುನ್ನ ಓಸಿಸಿಯ ‘ಮೇಂಟೆನೆನ್ಸ್:ಡೇಟಾ-ಫಿಂಗರ್‌ಪ್ರಿಂಟ್’ ಓಡಿಸಿ. ಮಂಗಳವಾರದ ಬ್ಯಾಕಪ್ ಅನ್ನು ಶುಕ್ರವಾರ ಮರಳಿಸಿದಿರಿ ಎನ್ನಿ. ಬುಧವಾರ, ಗುರುವಾರ ಸೇರಿಸಿದ ಫೈಲ್‌ಗಳು ಸರ್ವರ್‌ನಲ್ಲಿಲ್ಲ, ಜನರ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಇವೆ. ಡೆಸ್ಕ್‌ಟಾಪ್ ಕ್ಲೈಂಟ್ ‘ಸರ್ವರ್‌ನಲ್ಲಿ ಅಳಿಸಿದ್ದಾರೆ’ ಎಂದು ತಿಳಿದು ಲ್ಯಾಪ್‌ಟಾಪ್‌ನಿಂದಲೂ ಅವನ್ನು ಅಳಿಸುವ ಅಪಾಯವಿದೆ. ಈ ಕಮಾಂಡ್ ಓಡಿಸಿದರೆ ಬ್ಯಾಕಪ್ ಮರಳಿದೆ ಎಂದು ಕ್ಲೈಂಟ್‌ಗೆ ತಿಳಿದು, ಅದು ತನ್ನಲ್ಲಿರುವುದನ್ನು ಉಳಿಸಿಕೊಳ್ಳುತ್ತದೆ.

ಅಪ್‌ಗ್ರೇಡ್

ಪ್ರಮುಖ ಆವೃತ್ತಿಗಳನ್ನು ಹಾರಿ ಹೋಗಲಾಗದು; ಎರಡು ಆವೃತ್ತಿ ಹಿಂದಿದ್ದರೆ ಎರಡು ಸಲ ಏರಬೇಕು. ಒಂದು ಪ್ರಮುಖ ಆವೃತ್ತಿಗೆ ಸುಮಾರು ಒಂದು ವರ್ಷ ಭದ್ರತಾ ಬೆಂಬಲ ಇರುತ್ತದೆ, ಆದ್ದರಿಂದ ಎರಡು ವರ್ಷ ಮುಟ್ಟದೇ ಬಿಡುವ ಸರ್ವರ್ ಇದಲ್ಲ. ಹೊಸ ಆವೃತ್ತಿಗೆ ನಿಮ್ಮ ಪಿಎಚ್‌ಪಿ ಒಪ್ಪುತ್ತದೆಯೇ ಮೊದಲು ನೋಡಿ. ಉಬುಂಟುವನ್ನು ಮೊದಲು ಏರಿಸಿ ಪಿಎಚ್‌ಪಿ ತೀರಾ ಹೊಸದಾದರೆ ಹಳೆಯ ನೆಕ್ಸ್ಟ್‌ಕ್ಲೌಡ್ ಪುಟ ತೆರೆಯಲೂ ಒಪ್ಪುವುದಿಲ್ಲ.

ಬ್ಯಾಕಪ್ ತೆಗೆದು, ಬ್ರೌಸರ್‌ನಲ್ಲಿರುವ ಗುಂಡಿಯ ಬದಲು ಅಪ್‌ಡೇಟರ್ ಫೋಲ್ಡರ್‌ನ ‘ಅಪ್‌ಡೇಟರ್ ಫಾರ್’ ಫೈಲನ್ನು ಟರ್ಮಿನಲ್‌ನಿಂದ ಅದೇ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಹೆಸರಿನಲ್ಲಿ ಓಡಿಸಿ. ಗಡುವು ಮೀರಿ ಅರ್ಧಕ್ಕೆ ನಿಲ್ಲುವ ಭಯವಿರುವುದಿಲ್ಲ. ಎಸ್‌ಎಸ್‌ಎಚ್ ಕಡಿದರೂ ಕೆಲಸ ನಡೆಯಲು ಟಿಮಕ್ಸ್ ಒಳಗೆ ಮಾಡಿ. ಮುಗಿದ ಮೇಲೆ ‘ಡಿಬಿ:ಆ್ಯಡ್-ಮಿಸ್ಸಿಂಗ್-ಇಂಡಿಸೆಸ್’ ಓಡಿಸಿ, ಹೊಂದಾಣಿಕೆಯಿಲ್ಲವೆಂದು ತಾನಾಗಿ ನಿಂತ ಆ್ಯಪ್‌ಗಳನ್ನು ಅವುಗಳ ಹೊಸ ಆವೃತ್ತಿ ಬಂದ ನಂತರ ಮತ್ತೆ ಚಾಲೂ ಮಾಡಿ. ಅಪ್‌ಡೇಟರ್ ತಾನೇ ತೆಗೆದ ‘ಬ್ಯಾಕಪ್’ ಒಂದನ್ನು ಡೇಟಾ ಫೋಲ್ಡರ್‌ನಲ್ಲಿ ಇಡುತ್ತದೆ. ಅದರಲ್ಲಿರುವುದು ಹಳೆಯ ಪ್ರೋಗ್ರಾಂ ಫೈಲ್‌ಗಳು ಮಾತ್ರ, ಡೇಟಾಬೇಸೂ ಬಳಕೆದಾರರ ಫೈಲ್‌ಗಳೂ ಅಲ್ಲ. ಹೊಸ ಆವೃತ್ತಿ ಒಂದು ವಾರ ಸರಿಯಾಗಿ ಓಡಿದ ಮೇಲೆ ಅದನ್ನು ತೆಗೆದು ಜಾಗ ಬಿಡಿಸಿಕೊಳ್ಳಬಹುದು.